ಭೂಪನ ಎಡಮೈಯ ಬಿರುಕು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಗುವವರ ಪೈಕಿ. ಹಾನಗಲ್ಲಿನ ಚಹಾದಂಗಡಿಯಲ್ಲಿ ಕೂತು ದೆವ್ವ ಕಂಡಿದ್ದು, ಮೈಮೇಲೆ ದೇವರು ಬಂದಿದ್ದು ಅಂತ ಹೇಳುವವರನ್ನು ನಡುವೆಯೇ ತಡೆದು, ಅಡ್ಡ ಪ್ರಶ್ನೆ ಹಾಕಿ, ಎಷ್ಟು ಸಲ ಬಾಯಿ ಮುಚ್ಚಿಸಿದ್ದೇನೋ ಲೆಕ್ಕವಿಲ್ಲ. ನಾನು ಹೋಗಿ ಕೂತರೆ ಕೆಲವರು ಮಾತು ಬದಲಿಸುವುದೂ ಉಂಟು. ಆದ್ದರಿಂದ ಈಗ ನಾನು ಬರೆಯುತ್ತಿರುವುದನ್ನು ಓದಿ ನಿಮಗೆ ನಗು ಬಂದರೆ ಧಾರಾಳವಾಗಿ ನಗಿರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದೆ.

ಮೊದಲು ನನ್ನ ಬಗ್ಗೆ ಒಂದಿಷ್ಟು ಹೇಳಿಕೊಳ್ಳಬೇಕು. ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚವೂ ಕಡಿಮೆ. ನಾನು ಹಲ್ಲಿನ ಸೆಟ್ಟು ಕಟ್ಟುವವ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ನನ್ನ ಕಡೆ ಕಳಿಸುತ್ತಾರೆ. ನಾನು ಮೇಣದಲ್ಲಿ ವಸಡು ಕೊರೆದು, ಹಲ್ಲು ಜೋಡಿಸಿ, ಅಕ್ರಿಲಿಕ್ ತುಂಬಿ ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ನಾನು ಕಟ್ಟಿದ ಹಲ್ಲಿನಲ್ಲಿ ಅಬಲೂರಿನ ಅಜ್ಜನೊಬ್ಬ ಇವತ್ತಿಗೂ ಕಬ್ಬು ಸಿಗಿದು ತಿನ್ನುತ್ತಾನೆ. ಇದುವರೆಗೆ ನನ್ನದೊಂದು ಸೆಟ್ಟೂ ತಾನಾಗಿ ಬಿರುಕು ಬಿಟ್ಟಿಲ್ಲ. ನೆಲಕ್ಕೆ ಬೀಳಿಸಿ ಒಡೆದುಕೊಂಡವರಿದ್ದಾರೆ, ಅದು ಅವರ ಕೈಯ ತಪ್ಪು.

ಈ ಕಸುಬಿನ ಜೊತೆಗೆ ಹತ್ತಿಕೊಂಡ ಹುಚ್ಚೊಂದಿದೆ. ಕೆಲವು ವರ್ಷಗಳ ಹಿಂದೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ದೇಶದ ಮನುಷ್ಯ ಹೆಬ್ಬೆರಳೆತ್ತರದ ಸೈನಿಕನನ್ನು ತಂತಿ ಮತ್ತು ಪುಟ್ಟಿಯಲ್ಲಿ ಮಾಡಿ, ಬಣ್ಣ ಹಚ್ಚಿ, ಸಣ್ಣ ಯುದ್ಧಭೂಮಿಯಲ್ಲಿ ನಿಲ್ಲಿಸುತ್ತಿದ್ದ. ಅವನ ಕೈಯಲ್ಲಿದ್ದ ಹತಾರಗಳನ್ನು ನೋಡಿದರೆ ಎಲ್ಲವೂ ನನ್ನ ಮೇಜಿನ ಮೇಲಿರುವವೇ! ಅದೇ ಮೇಣ ಕೊರೆಯುವ ಚಾಕು, ಅದೇ ಸೂಜಿಮೊನೆ, ಕೂದಲಿನಷ್ಟು ಸಣ್ಣ ತೂತು ಹಾಕುವ ಅದೇ ಡ್ರಿಲ್ಲು. ಅವತ್ತೇ ಶುರು ಮಾಡಿದೆ. ಮೊದಲು ಮಾಡಿದ ಮನುಷ್ಯ ಬದನೆಕಾಯಿಯ ಹಾಗೆ ಕಾಣುತ್ತಿದ್ದ. ಕೈ ಪಳಗಿದ ಮೇಲೆ ಸವಣೂರಿನ ವೀಳ್ಯದೆಲೆ ಮಾರುವವರನ್ನು ಬುಟ್ಟಿ ಸಮೇತ ಮಾಡಿದೆ, ಬಂಕಾಪುರದ ಬಳೆಗಾರನನ್ನೂ ಅವನ ಮುಂದೆ ಕೈ ಚಾಚಿ ಕೂತ ಹೆಂಗಸನ್ನೂ ಮಾಡಿದೆ. ಅಕ್ಕಿಕಾಳಿನಷ್ಟು ಮುಖದಲ್ಲಿ ಆ ಹೆಂಗಸಿಗೆ ಬಳೆ ಬಿಗಿಯಾಗಿ ನೋಯುತ್ತಿದೆ ಅನ್ನುವುದು ನೋಡಿದವರಿಗೆ ತಿಳಿಯುತ್ತದೆ. ಭೂತಗನ್ನಡಿ ಕೊಟ್ಟು ತೋರಿಸುತ್ತೇನೆ, ಬಂದವರು ಬೆರಗಾಗಿ ನೋಡುತ್ತಾರೆ. ಅವರು ಬೆರಗಾಗುವುದನ್ನು ನೋಡುವುದು ನನಗೆ ಊಟಕ್ಕಿಂತ ರುಚಿ.

ನನ್ನವು ಎರಡು ಕಟ್ಟುಪಾಡು. ಕೆಲಸದಲ್ಲಿ ಒಂದು ಗೀರೂ ಇರಕೂಡದು, ಮುಗಿದ ಗೊಂಬೆಯನ್ನು ನನ್ನ ಹೊರತು ಯಾರೂ ಮುಟ್ಟಕೂಡದು. ನನ್ನ ಹೆಂಡತಿ ಗಿರಿಜೆ ಧೂಳು ಒರೆಸುವಾಗ ಗೊಂಬೆಗಳ ಕಪಾಟಿನ ಹತ್ತಿರ ಬಂದರೆ ನನಗೆ ಕೆಮ್ಮು ಬರುತ್ತದೆ. ಅವಳು ಅದಕ್ಕೆ ಹೆಸರಿಟ್ಟಿರುವುದು ದೇವರ ಕೋಣೆ ಅಂತ.

ಈಗ ವಿಷಯಕ್ಕೆ ಬರುತ್ತೇನೆ. ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಹೋರಿಗೆ ಒಣಕೊಬ್ಬರಿಯ ಸರ ಕಟ್ಟಿ, ಬೆನ್ನ ಮೇಲೆ ಜೂಲದ ಬಟ್ಟೆ ಹೊದಿಸಿ, ಕೋಡಿಗೆ ರಿಬ್ಬನ್ನು ಬಲೂನು ಸಿಂಗರಿಸಿ ಅಖಾಡದಲ್ಲಿ ಬಿಡುತ್ತಾರೆ. ಎರಡೂ ಕಡೆ ನಿಂತ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿದುಕೊಳ್ಳಲು ನೋಡುತ್ತಾರೆ. ಸರ ಕೊಡದೆ ಓಡಿದ ಹೋರಿ ಗೆದ್ದ ಹಾಗೆ. ಅಂಥ ಹೋರಿಗೆ ಹೆಸರಿರುತ್ತದೆ, ಅಭಿಮಾನಿ ಬಳಗವಿರುತ್ತದೆ, ಊರ ಬಾಗಿಲಲ್ಲಿ ಅದರದೇ ಫ್ಲೆಕ್ಸ್ ಇರುತ್ತದೆ. ಹಿರೇಬೆಂಡಿಗೇರಿಯ ಚನ್ನಬಸಪ್ಪನವರ ಭೂಪ ಅನ್ನುವ ಹೋರಿ ಅಂಥದ್ದು. ಕೊನೆಯವರೆಗೂ ಒಂದು ಕೊಬ್ಬರಿಯನ್ನೂ ಯಾರ ಕೈಗೂ ಕೊಡದ ಹೋರಿ ಅಂತ ಅದರ ಹೆಸರಾಯಿತು. ಅದು ವಯಸ್ಸಾಗಿ ಸತ್ತಾಗ ಮೆರವಣಿಗೆ ಮಾಡಿ ಹೊಲದಲ್ಲಿ ಮಣ್ಣು ಮಾಡಿದರು.

ಅದಾಗಿ ಕೆಲವು ತಿಂಗಳಿಗೆ ಬಳಗದವರು ಚನ್ನಬಸಪ್ಪನವರನ್ನು ಕರೆದುಕೊಂಡು ನನ್ನ ಮನೆಗೆ ಬಂದರು. ತಲೆಗೆ ದೊಡ್ಡ ಪಟಕ, ಎತ್ತರದ ಆಳು, ಮಾತು ಕಡಿಮೆ. ಭೂಪ ಅಖಾಡದಲ್ಲಿ ಓಡುತ್ತಿರುವಂತೆ, ಪಕ್ಕದಲ್ಲಿ ಹಗ್ಗ ಬಿಟ್ಟು ನಿಂತ ಚನ್ನಬಸಪ್ಪ, ಹಿಂದೆ ಕೈ ಚಾಚಿ ಸೋತ ಹುಡುಗರು, ಇಷ್ಟನ್ನೂ ಒಂದು ಗಾಜಿನ ಪೆಟ್ಟಿಗೆಯಲ್ಲಿ ಮಾಡಿಕೊಡಬೇಕು. ವರ್ಷದ ಪೂಜೆಯ ದಿನ ಊರ ಮುಂದೆ ಇಡುವುದು ಅಂತ ಮಾತಾಯಿತು. ಬಳಗದವರು ತಮ್ಮ ಮೊಬೈಲಿನಲ್ಲಿದ್ದ ಫೋಟೋ, ವಿಡಿಯೋ ಎಲ್ಲ ಕಳಿಸಿದರು. ಹೋಗುವಾಗ ಚನ್ನಬಸಪ್ಪ ಒಂದೇ ಮಾತು ಹೇಳಿದರು.

“ನಾಕ ಊರ ಮಂದಿ ನೋಡಾಕ ಬರ್ತಾರ್ರಿ. ಹೆಸರು ಕೆಡಬಾರದು ನೋಡ್ರಿ, ಅವಂದೂ, ನಿಮ್ದೂ.”

ನನ್ನ ಹೆಸರು ಕೆಡುವುದೇ? ಅವರು ಹೊರಟ ಕೂಡಲೇ ತಂತಿ ಬಗ್ಗಿಸಲು ಕೂತೆ.

ಆ ಹೋರಿಯನ್ನು ನಾನು ಎಷ್ಟು ಪ್ರೀತಿಯಿಂದ ಮಾಡಿದೆ ಅಂತ ಹೇಳಿದರೆ ಜಂಬ ಅನ್ನುತ್ತೀರಿ, ಅನ್ನಿ. ಮೊದಲು ತಂತಿಯ ಎಲುಬು, ಅದರ ಮೇಲೆ ಎಪಾಕ್ಸಿ ಪುಟ್ಟಿಯ ಮಾಂಸ, ಆಮೇಲೆ ಚರ್ಮ. ಎರಡು ಬಣ್ಣದ ಪುಟ್ಟಿ ಕಲಸಿ ನಾದಿದರೆ ಒಂದೆರಡು ತಾಸು ಮೆತ್ತಗಿರುತ್ತದೆ, ಅಷ್ಟರಲ್ಲಿ ರೂಪ ಕೊಡಬೇಕು. ಓಡುವ ಹೋರಿಯ ಕೊರಳ ಕೆಳಗಿನ ಗಂಗೆದೊಗಲು ಒಂದು ಕಡೆ ಹೊರಳಿರುತ್ತದೆ, ಹೆಗಲ ಮೇಲಿನ ಹಿಣಿಲು ಕೊಂಚ ಹಿಂದಕ್ಕೆ ವಾಲಿರುತ್ತದೆ. ಅದನ್ನು ಹಿಡಿಯಲು ಒಂದೇ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬಿಳಿ ಹೋರಿ ಅಂದರೆ ಬರೀ ಬಿಳಿ ಬಣ್ಣವಲ್ಲ. ಬೂದಿ, ಕೆನೆ, ಹೊಟ್ಟೆಯ ಕೆಳಗೆ ಒಂದಿಷ್ಟು ನೀಲಿ, ಹೀಗೆ ಪದರ ಪದರವಾಗಿ ತೆಳ್ಳಗೆ ಹಚ್ಚುತ್ತ ಹೋಗಬೇಕು. ಕೊನೆಗೆ ಮೂರೇ ಕೂದಲಿನ ಕುಂಚದಲ್ಲಿ ಮೈಕೂದಲನ್ನು ಎಳೆಯಬೇಕು. ಕೊಬ್ಬರಿಗೆ ಗಿರಿಜೆಯ ಡಬ್ಬಿಯಿಂದ ಹೆಸರುಕಾಳು ತೆಗೆದು, ಒಂದೊಂದಕ್ಕೂ ತೂತು ಹಾಕಿ ದಾರದಲ್ಲಿ ಪೋಣಿಸಿದೆ. ನುಸಿ ಹತ್ತಿದರೆ ನಿಮ್ಮ ಹೋರಿ ಸೋತಂಗ ಅಂತ ಅವಳು ಕಾಡಿದಳು. ಕಾಳಿಗೆ ವಾರ್ನಿಶ್ ಬಳಿದಿದ್ದೇನೆ ಅಂತ ತೋರಿಸಿದೆ.

ಚನ್ನಬಸಪ್ಪನವರ ಗೊಂಬೆಯಂತೂ ಒಂದೇ ಏಟಿಗೆ ಬಂತು. ಹಗ್ಗ ಬಿಟ್ಟ ಕೈ ಇನ್ನೂ ಗಾಳಿಯಲ್ಲೇ ಇದೆ, ಬಾಯಿ ಒಂಚೂರು ತೆರೆದಿದೆ. ಮುಖ ಮುಗಿಸಿದಾಗ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ತೊಂದರೆ ಶುರುವಾದದ್ದು ಹೋರಿಯ ಎಡಮೈಯಲ್ಲಿ. ಮುಂಗಾಲಿನ ಹಿಂದೆ, ಪಕ್ಕೆಲುಬಿನ ಮೇಲೆ, ಒಂದು ಬೆಳಿಗ್ಗೆ ಬಿರುಕು ಕಂಡಿತು. ಉಗುರಿನಷ್ಟು ಉದ್ದ, ಓರೆಯಾಗಿ, ತುದಿಯಲ್ಲಿ ಸ್ವಲ್ಪ ಬಾಗಿದ್ದು. ಪುಟ್ಟಿ ಸರಿಯಾಗಿ ಕಲಸಿರಲಿಕ್ಕಿಲ್ಲ ಅಂದುಕೊಂಡೆ. ಅಂದುಕೊಳ್ಳಲೂ ಮನಸ್ಸು ಬರಲಿಲ್ಲ, ಯಾಕೆಂದರೆ ನಾನು ಸರಿಯಾಗಿ ಕಲಸದೇ ಇರುವವನಲ್ಲ. ಬಿರುಕು ತುಂಬಿ, ಉಜ್ಜಿ, ಮತ್ತೆ ಬಣ್ಣ ಹಚ್ಚಿದೆ. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ನೋಡಿದರೆ ಅದೇ ಜಾಗದಲ್ಲಿ, ಅಷ್ಟೇ ಉದ್ದಕ್ಕೆ, ತುದಿಯಲ್ಲಿ ಹಾಗೇ ಬಾಗಿ ಬಿರುಕು ಎದ್ದಿತ್ತು.

ಒಳಗಿನ ತಂತಿ ಅಲುಗುತ್ತಿರಬೇಕು ಅಂತ ಅಲ್ಲಿಯ ಪುಟ್ಟಿಯನ್ನು ತಂತಿಯವರೆಗೂ ಕೊರೆದು ತೆಗೆದು, ತಂತಿಗೆ ಇನ್ನೊಂದು ತಂತಿ ಬಿಗಿದು, ಹೊಸ ಡಬ್ಬಿಯ ಪುಟ್ಟಿ ತುಂಬಿದೆ. ಮತ್ತೆ ಬಂತು. ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಊಟ ಮಾಡುವಾಗಲೂ ಅದೇ ಧ್ಯಾನ. ಗಿರಿಜೆ ಸಾರಿಗೆ ಉಪ್ಪು ಹೆಚ್ಚಾಗಿದೆಯಾ ಅಂತ ಕೇಳಿದರೆ ನಾನು ಗಾಳಿಯಲ್ಲಿ ತೇವ ಹೆಚ್ಚಾಗಿದೆ ಅಂದೆನಂತೆ. ಅವಳು ಈಗಲೂ ನೆಂಟರ ಮುಂದೆ ಇದನ್ನು ಹೇಳಿ ನಗುತ್ತಾಳೆ.

ಕಡೆಗೆ ನನ್ನ ಸ್ವಂತ ಅಸ್ತ್ರವನ್ನೇ ತೆಗೆದೆ. ಎಡಮೈಯ ಆ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಹಲ್ಲಿನ ಸೆಟ್ಟಿಗೆ ಹಾಕುವ ಅಕ್ರಿಲಿಕ್‌ನಲ್ಲಿ ತುಂಬಿದೆ. ಕಬ್ಬು ಸಿಗಿದರೂ ಬಿರಿಯದ ಮಾಲು ಅದು. ಅದನ್ನು ಉಜ್ಜಿ, ಬಣ್ಣದ ಪದರಗಳನ್ನು ಮೊದಲಿನಿಂದ ಹಚ್ಚಿ, ಕೂದಲು ಎಳೆದು ಮುಗಿಸಿದಾಗ ಪೂಜೆಗೆ ಬಹಳ ದಿನ ಉಳಿದಿರಲಿಲ್ಲ. ಈ ಸಲ ಬಿರುಕು ಬರುವುದಾದರೆ ನನ್ನ ಕಣ್ಣೆದುರಿಗೇ ಬರಲಿ ಅಂತ ಒಂದು ಭಾನುವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಹೋರಿಯನ್ನಿಟ್ಟುಕೊಂಡು, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕೂತುಬಿಟ್ಟೆ.

ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ಹೊರಗೆ ಒಳ್ಳೆ ಬಿಸಿಲಿತ್ತು. ಬೀದಿಯಲ್ಲಿ ಸ್ಕೂಟರು ಓಡಾಡುತ್ತಿದ್ದವು, ಒಳಗೆ ಗಿರಿಜೆ ರೊಟ್ಟಿ ಬಡಿಯುತ್ತಿದ್ದಳು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾನು ತೂಕಡಿಸುತ್ತಿರಲಿಲ್ಲ, ಮಂಪರಿನಲ್ಲಿರಲಿಲ್ಲ, ಸುತ್ತಲಿನ ಸಪ್ಪಳವೆಲ್ಲ ಕಿವಿಗೆ ಬೀಳುತ್ತಿತ್ತು ಅಂತ ನಿಮಗೆ ತಿಳಿಯಲಿ ಎಂದು. ಮೇಲ್ಮೈ ನುಣುಪಾಗಿದೆಯಾ ಅಂತ ನೋಡಲು ಬಲಗೈಯ ತೋರುಬೆರಳನ್ನು ಹೋರಿಯ ಎಡಪಕ್ಕೆಯ ಮೇಲಿಟ್ಟೆ. ಆಗ ಬೆರಳಿನ ಕೆಳಗೆ ಚರ್ಮ ಅದುರಿತು.

ದನ ಸಾಕಿದವರಿಗೆ ಇದು ಗೊತ್ತು. ಮೈಮೇಲೆ ನೊಣ ಕೂತರೆ ದನ ಆ ಜಾಗದ ಚರ್ಮವನ್ನಷ್ಟೇ ಝುಮ್ಮೆಂದು ಅಲುಗಿಸುತ್ತದೆ. ನನ್ನ ಬೆರಳಿಗೆ ಹತ್ತಿದ್ದು ಅದೇ. ಒಂದು ಸಲ, ಕೂಡಲೇ ಇನ್ನೊಂದು ಸಲ. ಕೈ ತೆಗೆದೆ. ಭೂತಗನ್ನಡಿಯಲ್ಲಿ ನೋಡಿದರೆ, ಬೆರಳಿಟ್ಟಿದ್ದ ಜಾಗದಲ್ಲಿ, ಎರಡು ನಿಮಿಷದ ಹಿಂದೆ ನುಣ್ಣಗಿದ್ದ ಅಕ್ರಿಲಿಕ್ ಮೇಲೆ ಬಿರುಕಿತ್ತು. ಓರೆಯಾಗಿ, ತುದಿಯಲ್ಲಿ ಬಾಗಿ.

ನಾನು ಎದ್ದು ಅಡುಗೆಮನೆಗೆ ಹೋಗಿ ಗಿರಿಜೆಗೆ ಹೋರಿ ಮೈ ಅಲುಗಿಸಿತು ಅಂತ ಹೇಳಿದೆ. ಅವಳು ರೊಟ್ಟಿ ತಿರುವಿ ಹಾಕುತ್ತ ನನ್ನನ್ನು ಒಮ್ಮೆ ನೋಡಿದಳು.

“ನೊಣ ಕುಂತಿದ್ದೀತು. ಏಳೂದ ಎದ್ದೀರಿ, ಕೈ ತೊಳಕೊಂಡ ಬರ್ರಿ, ಊಟ ಆರಾಕತ್ತೈತಿ.”

ಊಟ ಮಾಡಿದೆ. ಆಮೇಲೆ ಮೇಜಿನ ಹತ್ತಿರ ಹೋಗಿ ಲೆಕ್ಕ ಹಾಕಿದೆ. ನಾನೇ ಒಪ್ಪದ ಕೆಲಸವನ್ನು ಇದುವರೆಗೆ ಯಾರಿಗೂ ಕೊಟ್ಟವನಲ್ಲ. ಬಿರುಕು ಬಿಟ್ಟ ಹೋರಿಯನ್ನು ನಾಲ್ಕು ಊರಿನವರ ಮುಂದೆ ಇಟ್ಟರೆ ನನ್ನ ಹೆಸರೇನಾಗುತ್ತದೆ? ಕೊಡುವುದಿಲ್ಲ ಅಂದರೆ ಚನ್ನಬಸಪ್ಪನವರ ಪೂಜೆ ಏನಾಗುತ್ತದೆ? ಇನ್ನೊಂದು ಹೋರಿ ಮಾಡಲು ದಿನವಿರಲಿಲ್ಲ. ಹಾಗಾಗಿ ಮುಚ್ಚುವ ದಾರಿ ಹಿಡಿದೆ. ಬಲಗಡೆಯಿಂದ ತೆಗೆದ ಫೋಟೋದಲ್ಲಿ ಜೂಲ ಬೆನ್ನಿನ ಮೇಲಿಂದ ಪಕ್ಕೆಯವರೆಗೆ ಇಳಿಬಿದ್ದಿತ್ತು. ನಾನು ಅದನ್ನು ಎಡಗಡೆ ಒಂದಿಷ್ಟು ಮುಂದಕ್ಕೆ ಎಳೆದು, ರೇಶಿಮೆ ಬಟ್ಟೆಯ ಚೂರಿನಲ್ಲೇ ಹೊಲಿದು ಹೊದಿಸಿದೆ. ಕೊಬ್ಬರಿ ಸರದ ಒಂದು ಎಳೆಯನ್ನು ಅದರ ಮೇಲೆ ಬಿಟ್ಟೆ. ಬಿರುಕು ಇತ್ತು ಅನ್ನುವುದು ನನಗಲ್ಲದೆ ಯಾರಿಗೂ ತಿಳಿಯುವ ಹಾಗಿರಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಗಾಜಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಡಿಗೆ ಕಾರಿನಲ್ಲಿ ಹಿರೇಬೆಂಡಿಗೇರಿಗೆ ಹೋದೆ. ಚನ್ನಬಸಪ್ಪನವರ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿ, ಮಣೆಯಿಟ್ಟಿದ್ದರು. ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆದಾಗ ಆದ ಗದ್ದಲವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಬಳಗದ ಗಂಡಸರು ಶಿಳ್ಳೆ ಹೊಡೆದರು. ನೋಡಲು ಬಂದ ಹುಡುಗರು ಸೋತವರ ಗೊಂಬೆಗಳಲ್ಲಿ ತಮ್ಮ ಮುಖ ಗುರುತಿಸಿ ಒಬ್ಬರನ್ನೊಬ್ಬರು ತಿವಿದು ನಕ್ಕರು. ಚನ್ನಬಸಪ್ಪ ತಮ್ಮ ಗೊಂಬೆಯನ್ನು ನೋಡಿ ನೋಡಿ ಪಟಕ ತೆಗೆದು ಮತ್ತೆ ಸುತ್ತಿಕೊಂಡರು. ನನಗೆ ಶಾಲು ಹೊದಿಸಿದರು. ಆ ಹೊತ್ತಿಗೆ ನನಗೆ ಬಿರುಕಿನ ನೆನಪೂ ಇರಲಿಲ್ಲ, ಎದೆ ಅಷ್ಟು ಉಬ್ಬಿತ್ತು.

ಗಂಡಸರೆಲ್ಲ ನೋಡಿ ಮುಗಿದ ಮೇಲೆ ಒಳಗಿನಿಂದ ನೀಲವ್ವ ಬಂದರು. ಅವರು ಚನ್ನಬಸಪ್ಪನವರ ಹೆಂಡತಿ. ಭೂಪನಿಗೆ ಮೇವು ಹಾಕಿದ್ದು, ಮೈ ತೊಳೆದದ್ದು, ಕರುವಾಗಿದ್ದಾಗಿನಿಂದ ಬೆಳೆಸಿದ್ದು ಅವರೇ ಅಂತ ಆಗ ತಿಳಿಯಿತು. ಆದರೆ ಒಮ್ಮೆಯೂ ಅಖಾಡಕ್ಕೆ ಹೋಗಿ ಅವನ ಓಟ ನೋಡಿದವರಲ್ಲ. ಅವನನ್ನು ಹೊಡೆದುಕೊಂಡು ಹೋದ ಮೇಲೆ ಮೇವಿನ ಗೋದಲಿಯ ಹತ್ತಿರ ಕೂತಿರುತ್ತಿದ್ದರಂತೆ, ವಾಪಸು ಬರುವವರೆಗೂ. ಅವರು ಪೆಟ್ಟಿಗೆಯ ಮುಂದೆ ಕೂತು ನೋಡಿದರು. ಚಂದ ಆಗೇತಿ ಅಂತಲೂ ಅನ್ನಲಿಲ್ಲ. ಶಾಲು ಹೊದ್ದು ಕೂತವನಿಗೆ ಅಷ್ಟಾದರೂ ಬೇಕಿತ್ತು.

“ಸರಾ ತಗೀರಿ,” ಅಂದರು. “ಜೂಲಾನೂ ತಗೀರಿ. ಇವೆಲ್ಲಾ ಗಂಡಸ್ರ ಆಟಕ್ಕ ಹಾಕೋವು. ನಾ ಅವನ್ನ ಬರೇ ಮೈಯಾಗ ನೋಡ್ಬೇಕು.”

ಬಳಗದವರು ಬೇಡವೆಂದರು, ಸಿಂಗಾರದಲ್ಲೇ ಭೂಪ ಭೂಪ ಅಂದರು. ಚನ್ನಬಸಪ್ಪನವರೂ ಇರಲಿ ಬಿಡು ಅಂದರು. ನಾನಂತೂ ಸಾಧ್ಯವಿಲ್ಲ, ಅಂಟಿಸಿಬಿಟ್ಟಿದ್ದೇನೆ ಅಂತ ಹೇಳಲು ಬಾಯಿ ತೆರೆದೆ. ಆದರೆ ನಾನು ಅಂಟಿಸಿರಲಿಲ್ಲ. ಬಟ್ಟೆ ಸಹಜವಾಗಿ ಇಳಿಬೀಳಲಿ ಅಂತ ಬರೀ ಹೊದಿಸಿದ್ದೆ, ಆ ಕೆಲಸದ ಬಗ್ಗೆ ಹತ್ತು ನಿಮಿಷದ ಹಿಂದಷ್ಟೇ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ನೀಲವ್ವ ನನ್ನ ಮುಖ ನೋಡುತ್ತ ಕೂತರು. ಏಳುವ ಹಾಗೆ ಕಾಣಲಿಲ್ಲ.

ಗಾಜು ತೆಗೆದು, ಚಿಮಟದಿಂದ ಮೊದಲು ಸರ ಎತ್ತಿದೆ. ಆಮೇಲೆ ಜೂಲದ ತುದಿ ಹಿಡಿದೆ. ನಾಲ್ಕು ಊರಿನ ಮಂದಿ ನೋಡುತ್ತಿದ್ದಾರೆ, ನನ್ನ ಹೆಸರು ಇವತ್ತಿಗೆ ಮುಗಿಯಿತು ಅನ್ನಿಸಿತು. ಜೂಲ ತೆಗೆದೆ. ಬಿರುಕು ಬೆಳಕಿಗೆ ಬಂತು. ನನ್ನ ಪಕ್ಕದಲ್ಲಿದ್ದವನೊಬ್ಬ ಅಯ್ಯೋ ಸೀಳೇತಲ್ರಿ ಅಂದ.

ನೀಲವ್ವ ಪೆಟ್ಟಿಗೆಯೊಳಗೆ ಕೈ ಹಾಕಿ, ಕಿರುಬೆರಳಿನ ತುದಿಯಿಂದ ಆ ಬಿರುಕನ್ನು ಮುಟ್ಟಿದರು. ಓರೆಯಾಗಿ ಹೋಗಿ, ತುದಿಯಲ್ಲಿ ಬಾಗಿದ್ದ ಕಡೆ ಬೆರಳನ್ನೂ ಬಾಗಿಸಿದರು. ನೋಡಿ ಬಾಗಿಸಿದ್ದಲ್ಲ. ಅವರ ಕಣ್ಣು ಆಗ ನನ್ನ ಮೇಲಿತ್ತು.

“ಇದನ್ನ ನಿಮಗ ಯಾರು ಹೇಳಿದ್ರು?”

ಯಾರೂ ಹೇಳಿಲ್ಲ, ಅದು ಕೆಲಸದ ದೋಷ, ತುಂಬಿದರೂ ತುಂಬಿದರೂ ಬರುತ್ತಿದೆ ಅಂತ ಇದ್ದದ್ದನ್ನು ಹೇಳಿದೆ. ಅವರು ನಂಬಲಿಲ್ಲ. ಆಮೇಲೆ ಗಂಡನ ಕಡೆ ತಿರುಗಿ ಎಲ್ಲರೆದುರಿಗೂ ಹೇಳಿದರು.

“ಕರು ಇದ್ದಾಗ ಹಿತ್ತಲದ ತಗಡಿಗೆ ಸಿಕ್ಕೊಂಡು ಎಡಪಕ್ಕಿ ಹರದಿತ್ತು. ನೀವು ಊರಾಗ ಇರಲಿಲ್ಲ. ನಾನ ಅರಿಷಿಣ ಎಣ್ಣಿ ಹಚ್ಚಿ ವಾಸಿ ಮಾಡಿದೆ. ಗೊತ್ತಾಗಿದ್ರ, ಐಬಿನ ಕರು ಅಖಾಡಕ್ಕ ಬ್ಯಾಡ ಅಂತ ನೀವು ಸಂತಿಗೆ ಹೊಡೀತಿದ್ರಿ. ಅದಕ್ಕ ಹೇಳಲಿಲ್ಲ.”

ಕೂದಲು ಬೆಳೆದ ಮೇಲೆ ಕಣ್ಣಿಗೆ ಕಾಣುತ್ತಿರಲಿಲ್ಲವಂತೆ. ಮೈ ತೊಳೆಯುವಾಗ ಕೈಗೆ ಮಾತ್ರ ಹತ್ತುತ್ತಿತ್ತು, ಮತ್ತು ಮೈ ತೊಳೆಯುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹಬ್ಬದ ದಿನ ಜೂಲ ಹೊದಿಸುವವರೂ ಅವರೇ. ಎಡಗಡೆ ಒಂದಿಷ್ಟು ಮುಂದಕ್ಕೆ ಎಳೆದು ಹೊದಿಸುತ್ತಿದ್ದರು, ನಾನು ಮಾಡಿದ ಹಾಗೆಯೇ.

ಚನ್ನಬಸಪ್ಪ ಹೆಂಡತಿಯನ್ನು ನೋಡಿದರು, ಹೋರಿಯನ್ನು ನೋಡಿದರು, ಮತ್ತೆ ಹೆಂಡತಿಯನ್ನು ನೋಡಿದರು. ಬೈಯುತ್ತಾರೆ ಅಂತ ನಾನಂದುಕೊಂಡೆ.

“ಹಂಗಾರ ಗಾಯ ಇಟ್ಕೊಂಡ ಓಡ್ಯಾನ ನಮ್ಮ ಭೂಪ,” ಅಂದರು. ಅವರ ದನಿಯಲ್ಲಿ ಇದ್ದದ್ದು ಹೆಮ್ಮೆ, ಅದರಲ್ಲಿ ಅನುಮಾನವೇ ಇಲ್ಲ. ಆ ಹೆಮ್ಮೆ ಹೋರಿಯ ಮೇಲೆ ಎಷ್ಟಿತ್ತೋ ಹೆಂಡತಿಯ ಮೇಲೂ ಅಷ್ಟೇ ಇತ್ತು. ಸೀಳೇತಲ್ರಿ ಅಂದವನೇ ಮೊದಲು ಚಪ್ಪಾಳೆ ಹೊಡೆದ. ಆಮೇಲೆ ಎಲ್ಲರೂ ಹೊಡೆದರು.

ನೀಲವ್ವ ಎದ್ದು ಒಳಗೆ ಹೋಗಿ ಒಂದು ಬಟ್ಟಲು ತಂದರು. ಅದರಲ್ಲಿ ಅರಿಷಿಣ ಎಣ್ಣೆ ಇತ್ತು. ಏನು ಮಾಡಲು ಹೊರಟಿದ್ದಾರೆ ಅಂತ ತಿಳಿಯಿತು. ಅಷ್ಟು ಪದರದ ಬಣ್ಣ, ಮೂರು ಕೂದಲಿನ ಕುಂಚದ ಕೆಲಸ, ಅದರ ಮೇಲೆ ಎಣ್ಣೆ! ಕೈ ಅಡ್ಡ ಹಿಡಿಯಲು ಹೋದೆ, ಆದರೆ ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲ ಅಂದರೆ, ಅವರು ಬೆರಳಿಗೆ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದ ರೀತಿ ನೋಡಿ, ಈ ಹೋರಿಯನ್ನು ಮುಟ್ಟುವ ಹಕ್ಕು ನನಗಿಂತ ಅವರಿಗೆ ಹೆಚ್ಚು ಅನ್ನಿಸಿತು. ಅವರು ಬಿರುಕಿನ ಉದ್ದಕ್ಕೂ ಅರಿಷಿಣ ಎಣ್ಣೆ ಹಚ್ಚಿ, ಒಮ್ಮೆ ಊದಿದರು. ಜೂಲ ಮತ್ತೆ ಹೊದಿಸಬೇಡಿರಿ ಅಂದರು. ಪೂಜೆಗೆ ಭೂಪ ಬರೀ ಮೈಯಲ್ಲೇ ನಿಂತ.

ಊರಿಗೆ ಬಂದ ಮೇಲೆ ನನಗೆ ಒಂದು ವಿಷಯ ಚುಚ್ಚುತ್ತಲೇ ಇತ್ತು. ಆ ಪೆಟ್ಟಿಗೆಯಲ್ಲಿ ಗಂಡನಿದ್ದಾನೆ, ಸೋತ ಹುಡುಗರಿದ್ದಾರೆ, ಬೆಳೆಸಿದವಳೇ ಇಲ್ಲ. ಯಾರೂ ಕೇಳದಿದ್ದರೂ ನೀಲವ್ವನ ಗೊಂಬೆ ಮಾಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಕೊಡ ಹಿಡಿದು, ಇನ್ನೊಂದು ಕೈಯನ್ನು ಮುಂದೆ ಚಾಚಿ ನಿಂತ ಹಾಗೆ. ಮುಖ ಸರಿಯಾಗುವವರೆಗೆ ಎಷ್ಟು ಸಲ ಕೆರೆದು ತೆಗೆದೆನೋ. ನಾನು ಮಾಡಿದ ಮುಖಗಳಲ್ಲಿ ಅದೇ ಶ್ರೇಷ್ಠ ಅಂತ ಎದೆ ತಟ್ಟಿ ಹೇಳುತ್ತೇನೆ. ಮರುವರ್ಷದ ಪೂಜೆಗೆ ಅದನ್ನು ತೆಗೆದುಕೊಂಡು ಹೋದೆ.

ಗೊಂಬೆಯನ್ನು ಹೋರಿಯ ಎಡಗಡೆ ನಿಲ್ಲಿಸಬೇಕೆಂದು ಗಾಜು ತೆಗೆದು, ಧೂಳು ಒರೆಸುವಾಗ ಆ ಜಾಗದ ಒಣಗಿದ ಅರಿಷಿಣವನ್ನೂ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಕೆಳಗೆ ಬಿರುಕು ಇರಲಿಲ್ಲ. ಅರಿಷಿಣ ಸಂದಿನಲ್ಲಿ ತುಂಬಿಕೊಂಡಿರಬೇಕು ಅಂತ ಸೂಜಿಮೊನೆಯಿಂದ ಮೆತ್ತಗೆ ಕೆದಕಿ ನೋಡಿದೆ. ತುಂಬಿಕೊಳ್ಳಲು ಸಂದಿಯೇ ಇರಲಿಲ್ಲ. ಕಣ್ಣಿಗೆ ಭೂತಗನ್ನಡಿ ಕಟ್ಟಿ ನೋಡಿದೆ. ಬಿರುಕಿದ್ದ ಕಡೆ ಕೂದಲೆಳೆಯಷ್ಟು ಉಬ್ಬಿದ ಒಂದು ಗೆರೆ, ಓರೆಯಾಗಿ, ತುದಿಯಲ್ಲಿ ಬಾಗಿ. ಅದರ ಮೇಲೆ ಬಣ್ಣ ಎಲ್ಲೂ ಒಡೆದಿಲ್ಲ. ಹಳೆ ಗಾಯದ ಮೇಲೆ ಕೂದಲು ನೇರ ಬೆಳೆಯುವುದಿಲ್ಲ, ಒಂಚೂರು ಸುತ್ತಿ ಬೆಳೆಯುತ್ತದೆ ಅಂತ ದನ ಸಾಕಿದವರು ಬಲ್ಲರು. ಆ ಗೆರೆಯ ಸುತ್ತ ಬಣ್ಣದ ಕೂದಲು ಹಾಗೇ ಸುತ್ತಿ ಹೋಗಿದ್ದವು. ಅಂಥ ಕೂದಲನ್ನು ನಾನು ಎಳೆದಿಲ್ಲ. ಎಳೆಯಲು ನನ್ನಿಂದ ಆಗುವುದೂ ಇಲ್ಲ, ಆಮೇಲೆ ಎಷ್ಟೋ ಸಲ ಪ್ರಯತ್ನಿಸಿ ನೋಡಿದ್ದೇನೆ.

ಪೆಟ್ಟಿಗೆಗೆ ಬೀಗವಿತ್ತು, ಕೀಲಿ ನೀಲವ್ವನ ಹತ್ತಿರ. ಅವರು ಕುಂಚ ಹಿಡಿದವರಲ್ಲ. ನಮ್ಮ ಸುತ್ತ ನಾಲ್ಕೂ ತಾಲೂಕಿನಲ್ಲಿ ಈ ಕೆಲಸ ಮಾಡುವವನು ನಾನೊಬ್ಬನೇ. ಕರೆದು ತೋರಿಸಿದಾಗ ನೀಲವ್ವ ಬಗ್ಗಿ ನೋಡಿ, ವಾಸಿ ಆಗೇತಿ ಬಿಡ್ರಿ ಅಂದು, ತಮ್ಮ ಗೊಂಬೆಯನ್ನು ಎತ್ತಿ ಕೈಯಲ್ಲಿಟ್ಟುಕೊಂಡು, ಕೊಡ ಇಷ್ಟು ಸಣ್ಣದಿರಲಿಲ್ಲ ಅಂತ ತಕರಾರು ತೆಗೆದರು.

ಇದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ಅಕ್ರಿಲಿಕ್ ತಾನಾಗಿ ಬಿರಿಯುವುದನ್ನು ಬೇಕಾದರೆ ಒಪ್ಪುತ್ತೇನೆ, ನನ್ನ ಹೊಟ್ಟೆ ಉರಿದರೂ ಒಪ್ಪುತ್ತೇನೆ. ಕೂಡಿಕೊಳ್ಳುವುದನ್ನು ಹೇಗೆ ಒಪ್ಪಲಿ? ಹಾಗಂತ ಚಹಾದಂಗಡಿಯಲ್ಲಿ ದೆವ್ವದ ಕಥೆ ಹೇಳುವವರನ್ನು ನಂಬುವುದಕ್ಕೂ ನನ್ನಿಂದ ಆಗಿಲ್ಲ. ಈಗ ನಡುವೆ ಬಾಯಿ ಹಾಕುವುದನ್ನು ಬಿಟ್ಟಿದ್ದೇನೆ, ಅಷ್ಟೇ.

ಆ ಮರುವರ್ಷದ ಪೂಜೆಯ ದಿನವೇ ಸವಣೂರಿನಿಂದ ಒಬ್ಬ ಹಿರಿಯರು ಪೆಟ್ಟಿಗೆ ನೋಡಲು ಬಂದಿದ್ದರು. ಒಂದು ಕಾಲಕ್ಕೆ ಹತ್ತಿ ಬಟ್ಟೆಯ ಮೇಲೆ ನಾಜೂಕು ಕಸೂತಿ ಮಾಡಿಸಿ ಮಾರುತ್ತಿದ್ದ ಮನೆತನದವರು, ಕೈಕೆಲಸದ ಬೆಲೆ ಬಲ್ಲವರು. ನನ್ನ ಭೂತಗನ್ನಡಿ ಇಸಿದುಕೊಂಡು ಗಂಡಸರ ಗೊಂಬೆ, ಸರ, ಕೋಡು, ಗಂಗೆದೊಗಲು ಎಲ್ಲವನ್ನೂ ನೋಡುತ್ತ ಬಂದು, ಆ ಗೆರೆಯ ಹತ್ತಿರ ನಿಂತರು.

“ಉಳಿದದ್ದೆಲ್ಲಾ ಛಲೋ ಕೆಲಸ ಐತ್ರಿ. ಆದ್ರ ಇದು ಉಸ್ತಾದನ ಕೈ. ಹೆಂಗ ಮಾಡಿದ್ರಿ?”

ಇಂಥ ಪ್ರಶ್ನೆಗೆ ನಾನು ಅರ್ಧ ತಾಸು ಉತ್ತರ ಕೊಡುವವ. ಪುಟ್ಟಿ ಯಾವುದು, ಕುಂಚ ಯಾವುದು, ಉಸಿರು ಎಲ್ಲಿ ಹಿಡಿಯಬೇಕು, ಕೇಳಿದವರಿಗೆ ಯಾಕಾದರೂ ಕೇಳಿದೆನೋ ಅನ್ನಿಸುವವರೆಗೆ ಹೇಳುವವ. ಅವತ್ತು ಇಡೀ ಪಡಸಾಲೆ ನನ್ನ ಬಾಯಿ ನೋಡುತ್ತಿತ್ತು. ನಾನು ಮಾಡಿದೆ ಅಂದಿದ್ದರೆ ಅಲ್ಲಗಳೆಯುವವರು ಒಬ್ಬರೂ ಇರಲಿಲ್ಲ. ನಾನು ನೀಲವ್ವನ ಕಡೆ ನೋಡಿದೆ. ಅವರು ಬಂದವರಿಗೆ ಚಹಾ ಕೊಡುವುದರಲ್ಲಿದ್ದರು.

“ಇದೊಂದು ನಂದಲ್ಲರಿ,” ಅಂದೆ. ಹೇಳುವಾಗ ನನ್ನ ಎದೆ, ಶಾಲು ಹೊದಿಸಿದ ದಿನಕ್ಕಿಂತಲೂ ಹೆಚ್ಚು ಉಬ್ಬಿತ್ತು.